ಸ್ಮಶಾನದ ಗುಡ್ಡದ ಮೇಲೆ ಲೋವೆಲ್ ಗ್ರಬ್‌ನ ದನಿ

ಮಾವಿಸ್ ಟಿಪ್ಟನ್ ನಮ್ಮೂರ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ ಬಡಿಸಿದವಳು. ನಾನು ಅದೇ ಶಾಲೆಯ ಬಸ್ಸು ಓಡಿಸುತ್ತಿದ್ದೆ. ಹಾಗಾಗಿ ನಮ್ಮ ಟ್ಯಾನರ್ಸ್ ಫೋರ್ಕಿನಲ್ಲಿ ನಡುವಯಸ್ಸಿನ ಯಾರನ್ನೇ ತೋರಿಸಿದರೂ ಅವರು ಚಿಕ್ಕಂದಿನಲ್ಲಿ ಯಾವ ತರಕಾರಿಯನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದರು ಎಂದು ಅವಳು ಹೇಳುತ್ತಾಳೆ, ಯಾವ ಸೀಟಿನಲ್ಲಿ ಕೂತು ಯಾರ ಜುಟ್ಟು ಎಳೆಯುತ್ತಿದ್ದರು ಎಂದು ನಾನು ಹೇಳುತ್ತೇನೆ. ನಮ್ಮಿಬ್ಬರ ಮನೆಗಳ ನಡುವೆ ಇರುವುದು ಬಟ್ಟೆ ಒಣಹಾಕುವ ಒಂದು ತಂತಿ ಅಷ್ಟೇ.

ಅವಳ ಗಂಡ ಡೇಲ್ ಗಾಜಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ರೇಡಿಯೋ ಹುಚ್ಚಿನವನು. ಸಂಗೀತ ಕೇಳುವ ರೇಡಿಯೋ ಅಲ್ಲ. ಪೊಲೀಸರು, ಅಗ್ನಿಶಾಮಕದವರು ತಮ್ಮ ತಮ್ಮಲ್ಲಿ ಆಡುವ ಮಾತನ್ನು ಹಿಡಿದು ಕೇಳಿಸುವ ಸ್ಕ್ಯಾನರು. ಅಮೆರಿಕದ ಒಹಾಯೋದ ನಮ್ಮ ಈ ಮೂಲೆಯಲ್ಲಿ ಅದೇನೂ ಗುಟ್ಟಿನ ಕೆಲಸವಲ್ಲ. ಪ್ರತಿ ಮನೆಯ ಅಡುಗೆಮನೆಯಲ್ಲೂ ಟೋಸ್ಟರಿನ ಪಕ್ಕ ಒಂದು ಇರುತ್ತಿತ್ತು. ಊರಿನ ಪತ್ರಿಕೆ ನಿಂತುಹೋದ ಮೇಲಂತೂ ನಮಗೆ ಸುದ್ದಿ ಸಿಗುತ್ತಿದ್ದುದೇ ಅದರಿಂದ. ಯಾರದೋ ಕಾರು ಹಳ್ಳಕ್ಕೆ ಜಾರಿದರೆ, ಪೊಲೀಸರು ಅಲ್ಲಿಗೆ ಮುಟ್ಟುವ ಮೊದಲೇ ನಾವು ಹಗ್ಗ, ಟ್ರಾಕ್ಟರು ಹಿಡಿದು ನಿಂತಿರುತ್ತಿದ್ದೆವು.

ಡೇಲ್ ತೀರಿಕೊಂಡಾಗ ಅವನ ರೇಡಿಯೋಗಳನ್ನು ಮಾವಿಸ್ ಯಾರಿಗಾದರೂ ಕೊಟ್ಟುಬಿಡುತ್ತಾಳೆ ಎಂದುಕೊಂಡಿದ್ದೆವು. ಅವಳು ಕೊಡಲಿಲ್ಲ. ಕೈಯಲ್ಲಿ ಹಿಡಿದು ಓಡಾಡುವಂಥ ಮೂರನ್ನು ಉಳಿಸಿಕೊಂಡಳು. ಮೊದಮೊದಲು ಗಂಡನ ನೆನಪಿಗೆ ಹಚ್ಚುತ್ತಿದ್ದಳು. ಆಮೇಲೆ ಅವಳಿಗೇ ರುಚಿ ಹತ್ತಿತು.

ಮೂರಕ್ಕೂ ಒಂದೊಂದು ಹಟ. ಎಲ್ಲಕ್ಕಿಂತ ಹಳೆಯದು ಸಿಗರೇಟು ಪೊಟ್ಟಣದಷ್ಟು ಚಿಕ್ಕದು. ಒಳಗೆ ಒಂದೊಂದು ಚಾನೆಲ್ಲಿಗೆ ಅಲೆ ಹಿಡಿಯುವ ಒಂದೊಂದು ಹರಳು ಕೂರಿಸಿದ್ದರು. ಮೇಲೆ ನಾಲ್ಕು ಕೆಂಪು ದೀಪಗಳು ಸಾಲಾಗಿ ಮಿಣುಕುತ್ತ ಓಡುತ್ತಿದ್ದವು, ಮಾತು ಸಿಕ್ಕಿದ ಕಡೆ ಗಕ್ಕನೆ ನಿಲ್ಲುತ್ತಿದ್ದವು. ಅದು ಫ್ರಿಜ್ಜಿನ ಮೇಲಿಟ್ಟರೆ ಮಾತ್ರ ಮಾತಾಡುತ್ತಿತ್ತು. ಎರಡನೆಯದು ಬೂದುಬಣ್ಣದ ಇಟ್ಟಿಗೆ. ಕೈಜಾರಿ ಕಾಲ ಮೇಲೆ ಬಿದ್ದರೆ ಬೆರಳು ಊದುವುದು ಖಾತ್ರಿ. ಆದರೆ ಅದರ ಕಿವಿ ಬಲು ಚುರುಕು. ನಮ್ಮದು ಎರಡು ಗುಡ್ಡಗಳ ನಡುವೆ ಸಿಕ್ಕಿಕೊಂಡ ಕಣಿವೆ, ಇಲ್ಲಿಗೆ ಯಾವ ಅಲೆಯೂ ಸಲೀಸಾಗಿ ಇಳಿಯುವುದಿಲ್ಲ. ಅಂಥಲ್ಲೂ ಬಚ್ಚಲಮನೆಯ ಕಿಟಕಿಯಲ್ಲಿಟ್ಟರೆ ಆ ಇಟ್ಟಿಗೆ ಇಡೀ ಕೌಂಟಿಯನ್ನೇ, ಅಂದರೆ ನಮ್ಮ ಜಿಲ್ಲೆಯನ್ನೇ, ಎಳೆದು ತರುತ್ತಿತ್ತು. ಮೂರನೆಯದು ಸ್ವಲ್ಪ ಈಚಿನದು, ಅಂಕಿ ಒತ್ತುವ ಗುಂಡಿಗಳಿದ್ದವು. ಪೊಲೀಸರ ಜೊತೆಗೆ ಎಲ್ಲಿಯದೋ ಕ್ರೈಸ್ತ ರೇಡಿಯೋ ಸ್ಟೇಷನ್ನಿನ ಉಪದೇಶವನ್ನೂ ಹಿಡಿದು ಕಲಸಿಬಿಡುತ್ತಿತ್ತು. "ಇದಕ್ಕೆ ಕಳ್ಳರೂ ಬೇಕು, ದೇವರೂ ಬೇಕು," ಎಂದು ಮಾವಿಸ್ ಅದನ್ನು ಬಟ್ಟೆ ಒಣಹಾಕುವಾಗ ಮಾತ್ರ ಕಂಬಕ್ಕೆ ನೇತುಹಾಕಿಕೊಳ್ಳುತ್ತಿದ್ದಳು.

ಈ ಮೂರರಲ್ಲೂ ಹಗಲೆಲ್ಲ ಕೇಳುತ್ತಿದ್ದುದು ಲೋವೆಲ್ ಗ್ರಬ್‌ನ ದನಿ.

ಲೋವೆಲ್ ಕೌಂಟಿಯ ಕಂಟ್ರೋಲ್ ರೂಮಿನಲ್ಲಿ ಕೂತು, ಜನರ ಫೋನು ತೆಗೆದುಕೊಂಡು, ಯಾವ ಗಾಡಿ ಎಲ್ಲಿಗೆ ಹೋಗಬೇಕೆಂದು ಹೇಳುವವನು. ಅವನ ಮುಖವನ್ನು ನಮ್ಮ ಕಣಿವೆಯಲ್ಲಿ ಯಾರೂ ನೋಡಿರಲಿಲ್ಲ. ಕೌಂಟಿಯ ಕಚೇರಿ ಇರುವ ಪಟ್ಟಣ ಗುಡ್ಡದಾಚೆ, ಬಹಳ ದೂರ. ಆದರೆ ದನಿ ಮಾತ್ರ ಎಲ್ಲರಿಗೂ ನಮ್ಮ ಮನೆಯವರದೇ ಎನ್ನುವಷ್ಟು ಪರಿಚಯ. ಸಣ್ಣನೆಯ, ಸ್ವಲ್ಪ ಮೂಗಿನಿಂದ ಬರುವ ದನಿ. ಏನೇ ಆಗಲಿ, ಗಾಬರಿ ಎಂಬುದೇ ಇಲ್ಲ. ಮನೆಗೆ ಬೆಂಕಿ ಬಿದ್ದರೂ, ಯಾರದೋ ಬಾತುಕೋಳಿ ಅಂಚೆ ಕಚೇರಿಗೆ ನುಗ್ಗಿದರೂ ಒಂದೇ ಸ್ಥಾಯಿ.

ಮಾವಿಸ್ ಅವನ ಜೊತೆ ಜಗಳವಾಡುತ್ತಿದ್ದಳು. ರೇಡಿಯೋ ಕೇಳಿಸುತ್ತದೆಯೇ ಹೊರತು ಇವಳ ಮಾತನ್ನು ಒಯ್ಯುವುದಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲದ್ದಲ್ಲ.

"ಅಲ್ಲ ಕಣಪ್ಪ, ಆ ಸೇತುವೆ ಕಡೆಯಿಂದ ಕಳಿಸ್ಬೇಡ, ನೀರು ಬಂದಿದೆ," ಎಂದು ಆಲೂಗಡ್ಡೆ ಸುಲಿಯುತ್ತ ಹೇಳುವಳು. ಅವನು ಸೇತುವೆ ಕಡೆಯಿಂದಲೇ ಕಳಿಸುವನು. ಚಾಕು ಕೆಳಗಿಟ್ಟು ಫೋನು ಎತ್ತುವಳು.

"ಲೋವೆಲ್, ನಾನು ಟ್ಯಾನರ್ಸ್ ಫೋರ್ಕಿನ ಮಾವಿಸ್."

"ಹೇಳಿ ಮೇಡಂ."

"ಸೇತುವೆ ಮುಳುಗಿದೆ. ಚರ್ಚಿನ ಹಿಂದಿನ ದಾರಿಯಿಂದ ಬರೋಕೆ ಹೇಳಿ."

"ಸರಿ ಮೇಡಂ. ಥ್ಯಾಂಕ್ಸ್."

ಇಷ್ಟೇ. ಮರುಕ್ಷಣ ಫ್ರಿಜ್ಜಿನ ಮೇಲಿನ ದೀಪ ನಿಂತು, ಅದೇ ದನಿ ಗಾಡಿಗೆ ಚರ್ಚಿನ ದಾರಿ ಹೇಳುವುದು. ಆಗ ಮಾವಿಸಳ ಮುಖ ನೋಡಬೇಕಿತ್ತು. ತಾನು ಮಾಡಿದ ಹೂರಣದ ಪೈಗೆ ಜಾತ್ರೆಯಲ್ಲಿ ಬಹುಮಾನ ಬಂದಾಗಲೂ ಅಷ್ಟು ಅರಳಿರಲಿಲ್ಲ.

"ನಿನಗೆ ಆ ಮನುಷ್ಯನ ಮೇಲೆ ಮನಸ್ಸಿದೆ ಕಣೇ," ಎಂದೆ ಒಂದು ದಿನ.

"ಹುಚ್ಚು ಬೆವ್, ಬಡಕಲು ದನಿ ಕೇಳಿದ್ರೆ ಗೊತ್ತಾಗಲ್ವಾ? ನನ್ನ ತೋಳಷ್ಟೂ ದಪ್ಪ ಇರಲ್ಲ. ಗಾಳಿ ಬೀಸಿದ್ರೆ ಹಿಡ್ಕೊಂಡು ನಿಲ್ಲಿಸ್ಬೇಕು," ಎಂದಳು. ಆದರೆ ಕಿವಿ ಕೆಂಪಾಗಿತ್ತು.

ಹೀಗೆ ನಡೆಯುತ್ತಿರುವಾಗ ಕೌಂಟಿಯವರು ಪೊಲೀಸರ ರೇಡಿಯೋವನ್ನು ಹೊಸ ಬಗೆಗೆ ಬದಲಾಯಿಸಿದರು. ಮಾತನ್ನು ಅಂಕಿಗಳಾಗಿ ಒಡೆದು ಕಳಿಸುವ ವ್ಯವಸ್ಥೆಯಂತೆ. ಹಳೆಯ ಸ್ಕ್ಯಾನರುಗಳಿಗೆ ಅದು ತಿಳಿಯುವುದಿಲ್ಲ. ಒಂದು ಸೋಮವಾರ ಬೆಳಿಗ್ಗೆ ಇಡೀ ಕಣಿವೆಯ ಅಡುಗೆಮನೆಗಳು ಮೌನವಾದವು. ನಾನು ಮಾವಿಸಳ ಮನೆಗೆ ಹೋದಾಗ ಅವಳು ಮೂರನ್ನೂ ಮೇಜಿನ ಮೇಲೆ ಸಾಲಾಗಿಟ್ಟುಕೊಂಡು ಕೂತಿದ್ದಳು. ಕೆಂಪು ದೀಪಗಳು ಓಡುತ್ತಲೇ ಇದ್ದವು, ಎಲ್ಲೂ ನಿಲ್ಲುತ್ತಿರಲಿಲ್ಲ. ಮೂರನೆಯದರಲ್ಲಿ ಉಪದೇಶ ಮಾತ್ರ ಬರುತ್ತಿತ್ತು.

"ಮನೇಲಿ ಯಾರೋ ಸತ್ತಂಗಿದೆ ಬೆವ್," ಎಂದಳು.

ನಾವು ಗೆಳತಿಯರೆಲ್ಲ ಸೇರಿ ಅವಳ ಹುಟ್ಟುಹಬ್ಬಕ್ಕೆ ಹೊಸ ಬಗೆಯ ಸ್ಕ್ಯಾನರು ಕೊಡಿಸಿದೆವು. ಹೊಳೆಯುವ ಪರದೆ, ಕಿರುಬೆರಳಿನಷ್ಟು ಆಂಟೆನಾ, ಓದಿ ಮುಗಿಯದಷ್ಟು ದಪ್ಪನೆಯ ಕೈಪಿಡಿ. ಹಚ್ಚಿದಳು. ಏನೂ ಇಲ್ಲ. ಫ್ರಿಜ್ಜಿನ ಮೇಲಿಟ್ಟಳು, ಇಲ್ಲ. ಬಚ್ಚಲ ಕಿಟಕಿ, ಇಲ್ಲ. ತಂತಿಯ ಕಂಬದ ಬಳಿ ಒಂದು ಮಾತು ಕೇಳಿಸಿತು, ಅದೂ ಅರ್ಧ.

ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ನಮಗೆಲ್ಲ ಅರ್ಥವಾಗಿದ್ದು ಆಗಲೇ. ಅಲೆ ಸೊರಗಿದಂತೆಲ್ಲ ಹಳೆಯ ರೇಡಿಯೋ ಗೊರಗೊರ ಅನ್ನುತ್ತದೆ, ಕೆಮ್ಮುತ್ತದೆ, ಆದರೂ ಕಿವಿಗೊಟ್ಟರೆ ಮಾತು ಸಿಗುತ್ತದೆ. ಹೊಸದು ಹಾಗಲ್ಲ. ಬಂದರೆ ಸ್ವಚ್ಛ, ಬರದಿದ್ದರೆ ಕಲ್ಲಿನಂತೆ ಸುಮ್ಮನೆ.

ಕೊನೆಗೆ ಮಾವಿಸ್ ಅದನ್ನು ಕಾರಿನಲ್ಲಿಟ್ಟುಕೊಂಡು ಎತ್ತರದ ಜಾಗ ಹುಡುಕುತ್ತ ಹೊರಟಳು. ಸಿಕ್ಕಿದ್ದು ಸ್ಮಶಾನದ ಗುಡ್ಡ. ಅಲ್ಲಿ ಡೇಲ್‌ನ ಸಮಾಧಿಯ ಪಕ್ಕದ ಮೇಪಲ್ ಮರದ ಕೆಳಗೆ ನಿಂತರೆ ಲೋವೆಲ್ ಸ್ಪಷ್ಟವಾಗಿ ಮಾತಾಡಿದ. ದನಿ ಬಕೆಟ್ಟಿನೊಳಗಿಂದ ಬಂದ ಹಾಗಿತ್ತು, ಆದರೆ ಅವನೇ.

ಮರುದಿನ ಅವಳು ಮಡಚುವ ಕುರ್ಚಿ ಒಯ್ದಳು. ಅದರ ಮರುದಿನ ನಾನೂ ಹೋದೆ. ವಾರ ಕಳೆಯುವಷ್ಟರಲ್ಲಿ ಅದೊಂದು ಕೂಟವೇ ಆಯಿತು. ಮಧ್ಯಾಹ್ನವಾದರೆ ಊರಿನವರು ಕುರ್ಚಿ ಹೊತ್ತು ಗುಡ್ಡ ಹತ್ತುವರು. ಒಬ್ಬರು ಹಂದಿಮಾಂಸದ ಹ್ಯಾಮ್ ಸ್ಯಾಂಡ್‌ವಿಚ್ಚು, ಒಬ್ಬರು ಆಲೂಗಡ್ಡೆ ಸಲಾಡು, ಥರ್ಮಾಸಿನಲ್ಲಿ ಕಾಫಿ. ಮಾವಿಸಳದಂತೂ ದಿನವೂ ಒಂದು ಪೈ. ಮಧ್ಯೆ ಹೊಸ ರೇಡಿಯೋವನ್ನು ಕೇಕಿನ ಡಬ್ಬದ ಮೇಲೆ ಕೂರಿಸಿಕೊಂಡು, ಕೌಂಟಿಯ ಇನ್ನೊಂದು ತುದಿಯಲ್ಲಿ ಯಾರ ಮೇಕೆ ಯಾರ ತೋಟಕ್ಕೆ ನುಗ್ಗಿತು ಎಂದು ಕೇಳುತ್ತ ಕೂರುವೆವು. ಸಮಾಧಿಯ ಮೇಲೆ ಯಾರೂ ಕಾಲಿಡುತ್ತಿರಲಿಲ್ಲ. ಡೇಲ್ ಇದ್ದಿದ್ದರೆ ತಾನೇ ಮೊದಲ ಕುರ್ಚಿ ಹಾಕುತ್ತಿದ್ದ.

ಅಕ್ಟೋಬರಿನ ಒಂದು ಗುರುವಾರ. ಮೇಪಲ್ ಎಲೆಗಳು ಕೆಂಪಾಗಿದ್ದವು. ಕುಂಬಳಕಾಯಿ ಪೈ ಆಗತಾನೆ ಹೆಚ್ಚಿದ್ದೆವು. ರೇಡಿಯೋ ಮಾತಾಡಿತು.

"ಏಳನೇ ಗಾಡಿ. ಟ್ಯಾನರ್ಸ್ ಫೋರ್ಕ್ ಸ್ಮಶಾನದ ಬಗ್ಗೆ ದೂರು ಬಂದಿದೆ. ದಾರೀಲಿ ಹೋಗ್ತಿದ್ದವರೊಬ್ಬರು ಫೋನ್ ಮಾಡಿದ್ರು. ಹತ್ತಾರು ಜನ ಸಮಾಧಿ ನಡುವೆ ಕುರ್ಚಿ ಹಾಕ್ಕೊಂಡು ಪಾರ್ಟಿ ಮಾಡ್ತಿದಾರಂತೆ."

ನಾವೆಲ್ಲ ಮುಖಮುಖ ನೋಡಿಕೊಂಡೆವು. ಯಾರೋ ಮೆಲ್ಲಗೆ ಸುತ್ತ ತಿರುಗಿ ನೋಡಿದರು, ಬೇರೆ ಯಾರಾದರೂ ಇದ್ದಾರೇನೋ ಎಂಬಂತೆ.

"ನಾವೇ ಕಣ್ರೇ ಅದು," ಎಂದೆ.

"ಓಡೋಣ್ವಾ?" ಎಂದರು ಒಬ್ಬರು. ಅವರಿಗೆ ಎಂಬತ್ತು ದಾಟಿತ್ತು, ಕುರ್ಚಿಯಿಂದ ಎಬ್ಬಿಸಲೇ ಇಬ್ಬರು ಬೇಕು.

ಮಾವಿಸ್ ಅಲುಗಾಡಲಿಲ್ಲ. "ಏಳನೇ ಗಾಡಿ ಅಂದ್ರೆ ವೇಡ್. ಅವನಿಗೆ ಕುಂಬಳಕಾಯಿ ಪೈ ಅಂದ್ರೆ ಪ್ರಾಣ. ಒಂದು ದೊಡ್ಡ ತುಂಡು ತೆಗೆದಿಡಿ."

ವೇಡ್ ಪಿಕರಲ್ ಬಂದ. ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಶೆರಿಫರ ಕೈಕೆಳಗಿನ ಡೆಪ್ಯುಟಿ. ಎರಡು ಮಕ್ಕಳ ತಂದೆ, ಹೊಟ್ಟೆ ಬೆಲ್ಟಿನ ಮೇಲೆ ಇಣುಕುತ್ತಿತ್ತು. ನನ್ನ ಬಸ್ಸಿನಲ್ಲಿ ಹಿಂದಿನ ಸೀಟಿನವನು. ಕಾರಿನಿಂದಿಳಿದು, ಸೊಂಟದ ಮೇಲೆ ಕೈಯಿಟ್ಟು ನಮ್ಮನ್ನು ನೋಡಿದ.

"ಮಿಸೆಸ್ ಟಿಪ್ಟನ್, ಇದೇನ್ರೀ ಇದು?"

"ಸುದ್ದಿ ಕೇಳ್ತಾ ಇದೀವಪ್ಪ. ನಿನ್ನ ಸುದ್ದೀನೇ. ಕೂತ್ಕೋ, ಪೈ ತಿನ್ನು."

"ನಾನು ಬರೋದು ನಿಮಗೆ ಮೊದಲೇ ಗೊತ್ತಿತ್ತಾ?"

"ನಿನಗಿಂತ ಮೊದಲು ಗೊತ್ತಿತ್ತು. ಕ್ರೀಮ್ ಹಾಕ್ಲಾ?"

ಅವನು ನಿಂತೇ ತಿಂದ. ಬಾಯಿ ಒರೆಸಿಕೊಂಡು, ಕುರ್ಚಿಗಳನ್ನು ದಾರಿಗೆ ಕಾಣದ ಹಾಗೆ ಸ್ವಲ್ಪ ಹಿಂದಕ್ಕೆ ಸರಿಸಿ ಎಂದಷ್ಟೇ ಹೇಳಿದ. ಅಷ್ಟರಲ್ಲಿ ರೇಡಿಯೋ ಮತ್ತೆ ಅವನನ್ನೇ ಕರೆಯಿತು. ಕಣಿವೆಯ ತಳದಲ್ಲಿ, ನಮ್ಮೂರ ರೈತ ಎಲ್ಡನ್‌ನ ಹೊಲದ ಹತ್ತಿರ, ಅವನ ಹೋರಿ ಬೇಲಿ ಮುರಿದು ರಸ್ತೆಗೆ ಬಂದಿದೆಯಂತೆ. ಎಲ್ಡನ್ ಆ ದಿನ ಸಂತೆಗೆ ಹೋಗಿದ್ದ. ವೇಡ್ ಇನ್ನೊಂದು ತುಂಡು ಪೈಯನ್ನು ಕಾಗದದಲ್ಲಿ ಸುತ್ತಿಕೊಂಡು ಗುಡ್ಡ ಇಳಿದ.

ನಾವು ಕಾಫಿ ಹಂಚಿಕೊಂಡೆವು. ಸ್ವಲ್ಪ ಹೊತ್ತಾಯಿತು.

"ಏಳನೇ ಗಾಡಿ, ಏನಾಯ್ತು?" ಎಂದ ಲೋವೆಲ್.

ಉತ್ತರವಿಲ್ಲ.

"ಏಳನೇ ಗಾಡಿ, ಕೇಳಿಸ್ತಿದೆಯಾ?"

ಇಲ್ಲ.

ನಮ್ಮಲ್ಲಿ ಕೆಲವರು ಮಾತು ಮುಂದುವರಿಸಿದ್ದರು. ಮಾವಿಸ್ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. ಮೂರನೆಯ ಸಲ ಕರೆದಾಗ ಲೋವೆಲ್‌ನ ದನಿ ಅದೇ ಸ್ಥಾಯಿಯಲ್ಲೇ ಇತ್ತು, ಆದರೆ ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ ಇಟ್ಟ. ಆಮೇಲೆ "ವೇಡ್" ಎಂದು ಹೆಸರು ಹಿಡಿದು ಕರೆದ. ರೇಡಿಯೋದಲ್ಲಿ ಅವನು ಯಾರದೂ ಹೆಸರು ಹಿಡಿದು ಕರೆದಿದ್ದನ್ನು ನಾನು ಕೇಳಿರಲಿಲ್ಲ.

"ಆ ಮನುಷ್ಯ ಹೆದರಿದಾನೆ," ಎಂದಳು ಮಾವಿಸ್. "ಬೆವ್, ಗಾಡಿ ತೆಗಿ."

ನನ್ನ ಹಳೆಯ ಪಿಕಪ್ಪಿನಲ್ಲಿ ಇಬ್ಬರೂ ಗುಡ್ಡ ಇಳಿದೆವು. ಅವಳ ಕೈಯಲ್ಲಿದ್ದ ಹೊಸ ರೇಡಿಯೋ ಅರ್ಧ ಇಳಿಜಾರಿನಲ್ಲೇ ಮೂಕವಾಯಿತು.

ಎಲ್ಡನ್‌ನ ಗೇಟಿನ ಬಳಿ ಪೊಲೀಸ್ ಕಾರು ಬಾಗಿಲು ತೆರೆದು ನಿಂತಿತ್ತು. ಹೊಲದ ನಡುವೆ ಒಣಹುಲ್ಲು ಪೇರಿಸಿದ ಬಂಡಿ. ಅದರ ತುತ್ತತುದಿಯಲ್ಲಿ ವೇಡ್ ಪಿಕರಲ್ ಮಂಡಿಯೂರಿ ಕೂತಿದ್ದ. ಕೆಳಗೆ ಎಲ್ಡನ್‌ನ ಹೋರಿ, ಹೆಸರು ಸೆನೆಟರ್, ಬಂಡಿಯ ಸುತ್ತ ಗಂಭೀರವಾಗಿ ಪ್ರದಕ್ಷಿಣೆ ಹಾಕುತ್ತಿತ್ತು. ವೇಡ್ ಭುಜದ ಮೇಲಿನ ಹೊಸ ರೇಡಿಯೋದ ಗುಂಡಿ ಒತ್ತುತ್ತಿದ್ದ. ಒತ್ತಿದಾಗಲೆಲ್ಲ ಅದು "ಟೊಂಯ್" ಎಂದು ಸದ್ದು ಮಾಡಿ ಸುಮ್ಮನಾಗುತ್ತಿತ್ತು. ಅವರ ರೇಡಿಯೋಕ್ಕೂ ನಮ್ಮ ಕಣಿವೆ ದಕ್ಕಿರಲಿಲ್ಲ. ಮೊಬೈಲಂತೂ ನಮ್ಮ ಕಣಿವೆಯಲ್ಲಿ ಯಾವ ಕಾಲಕ್ಕೂ ಹಿಡಿಯುತ್ತಿರಲಿಲ್ಲ.

"ಪೆಟ್ಟಾಗಿದೆಯೇನೋ?" ಎಂದು ಮಾವಿಸ್ ಬೇಲಿಯಾಚೆಯಿಂದ ಕೂಗಿದಳು.

"ಮಾನಕ್ಕೆ ಆಗಿದೆ, ಮಿಸೆಸ್ ಟಿಪ್ಟನ್. ಪೈ ಬೇರೆ ತಿಂದುಬಿಡ್ತು."

"ಕಾಗದ ಸಮೇತವಾ?"

"ಕಾಗದ ಸಮೇತ. ಅದಕ್ಕೇ ಹೋಗ್ತಾ ಇಲ್ಲ. ಇನ್ನೂ ಇದೆ ಅಂದ್ಕೊಂಡಿದೆ."

ನಾನು ನಗಬಾರದೆಂದು ಕೊಟ್ಟಿಗೆಗೆ ಹೋದೆ. ಅಲ್ಲಿ ಜೋಳದ ನುಚ್ಚಿನ ಬಕೆಟ್ಟಿತ್ತು. ನನ್ನಪ್ಪನೂ ಹೋರಿ ಸಾಕಿದವನೇ. ಬಕೆಟ್ಟು ಗಲಗಲ ಅಲ್ಲಾಡಿಸಿದೆ. ಸೆನೆಟರ್ ತಲೆಯೆತ್ತಿತು. ಒಮ್ಮೆ ವೇಡ್‌ನನ್ನು ನೋಡಿತು, ಒಮ್ಮೆ ಬಕೆಟ್ಟನ್ನು. ಆಮೇಲೆ ಭಾನುವಾರದ ಊಟಕ್ಕೆ ಹೊರಟ ಹಿರಿಯರ ಹಾಗೆ ತೂಗಾಡುತ್ತ ಕೊಟ್ಟಿಗೆಯೊಳಗೆ ಬಂತು. ನಾನು ಆಚೆ ಬಾಗಿಲಿನಿಂದ ಹೊರಬಿದ್ದು, ಸುತ್ತಿ ಬಂದು ಎರಡಕ್ಕೂ ಅಗಳಿ ಹಾಕಿದೆ.

ಅಷ್ಟರಲ್ಲಿ ಮಾವಿಸ್ ಎಲ್ಡನ್‌ನ ಮನೆಯೊಳಗೆ ಹೋಗಿ ಗೋಡೆಯ ಫೋನು ಎತ್ತಿದ್ದಳು. ನಮ್ಮಲ್ಲಿ ಯಾರೂ ಬಾಗಿಲಿಗೆ ಬೀಗ ಹಾಕುವುದಿಲ್ಲ.

"ಲೋವೆಲ್, ನಾನು ಮಾವಿಸ್. ನಿಮ್ಮ ಏಳನೇ ಗಾಡಿ ಚೆನ್ನಾಗಿದಾನೆ. ಹುಲ್ಲಿನ ಬಂಡಿ ಮೇಲೆ ಕೂತಿದಾನೆ."

ಆ ಕಡೆಯಿಂದ ಉಸಿರು ಬಿಟ್ಟಿದ್ದು ಕೇಳಿಸಿತಂತೆ.

"ಇನ್ನೊಂದ್ಸಲ ಹೇಳಿ ಮೇಡಂ."

"ಹೋರಿ ಓಡಿಸ್ಕೊಂಡು ಬಂತು. ಬೆವ್ ಅದನ್ನ ಕೂಡಿಹಾಕಿದಾಳೆ. ನಿಮ್ಮವನ ಪ್ಯಾಂಟು ಸ್ವಲ್ಪ ಹರಿದಿದೆ, ಅದನ್ನ ಬರ್ಕೋಬೇಡಿ."

ಆಗ ಲೋವೆಲ್ ಗ್ರಬ್ ನಕ್ಕನಂತೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಮಾವಿಸ್ ಹೊರಗೆ ಬಂದಾಗ ಅವಳ ಕೆನ್ನೆ, ಗುಡ್ಡದ ಮೇಲಿನ ಮೇಪಲ್ಲಿಗಿಂತ ಕೆಂಪಗಿತ್ತು.

ವೇಡ್ ಮುಚ್ಚಿಡಲಿಲ್ಲ. ಶೆರಿಫರ ಬಳಿ ನೆಟ್ಟಗೆ ಹೋಗಿ, ಹೊಸ ರೇಡಿಯೋ ಆ ಕಣಿವೆಯಲ್ಲಿ ಸತ್ತಂತೆ, ಇವತ್ತು ಹೋರಿ, ನಾಳೆ ಬಂದೂಕಿನವನು ಸಿಕ್ಕರೆ ಏನು ಗತಿ ಎಂದು ಕೇಳಿದ. ಕೌಂಟಿಯವರು ತಂತ್ರಜ್ಞರನ್ನು ಕಳಿಸಿ ನೋಡಿಸಿದರು. ನಮ್ಮ ಗುಡ್ಡದ ಮೇಲೊಂದು ರೇಡಿಯೋ ಗೋಪುರ ಬೇಕು ಎಂದಾಯಿತು. ಅದು ಏಳುವವರೆಗೆ ನಮ್ಮ ಕಡೆಗೆ ಹಳೆಯ ಚಾನೆಲ್ಲನ್ನೂ ಜೊತೆಜೊತೆಗೆ ನಡೆಸುವುದು, ಡೆಪ್ಯುಟಿಗಳು ಹಳೆಯ ರೇಡಿಯೋವನ್ನೂ ಇಟ್ಟುಕೊಂಡು ಬರುವುದು ಎಂದು ತೀರ್ಮಾನವಾಯಿತು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚೆ ಅಡುಗೆಮನೆಗಳು ಮತ್ತೆ ಮಾತಾಡತೊಡಗಿದವು. ಬೂದು ಇಟ್ಟಿಗೆ ಬಚ್ಚಲ ಕಿಟಕಿಗೆ ಮರಳಿತು.

ಆದರೂ ಜನ ಗುಡ್ಡಕ್ಕೆ ಹೋಗುವುದು ಬಿಡಲಿಲ್ಲ. ರುಚಿ ಹತ್ತಿಬಿಟ್ಟಿತ್ತು. ಹಾಗೆ ಕೂತಿದ್ದ ಒಂದು ಶನಿವಾರ, ಚಳಿ ಬಿಸಿಲಿನಲ್ಲಿ, ಪರಿಚಯವಿಲ್ಲದ ಒಬ್ಬ ಮನುಷ್ಯ ಕಂಕುಳಲ್ಲಿ ಕುರ್ಚಿ ಸಿಕ್ಕಿಸಿಕೊಂಡು ಏರಿ ಬಂದ. ಆನೆಯಂಥ ಆಳು. ಅವನ ಕೈಯಲ್ಲಿ ಆ ಕುರ್ಚಿ ಮಕ್ಕಳ ಆಟದ ಸಾಮಾನಿನಂತೆ ಕಾಣುತ್ತಿತ್ತು. ಗಡ್ಡ ಪೂರ್ತಿ ನರೆತಿತ್ತು. ಬಂದವನು ಟೋಪಿ ತೆಗೆದು ಮಾವಿಸಳ ಪಕ್ಕ ನಿಂತ.

"ಇಲ್ಲಿ ಯಾರಾದ್ರೂ ಕೂತ್ಕೋತಾರಾ ಮೇಡಂ?"

ದನಿ ಬಾವಿಯ ಆಳದಿಂದ ಬಂದಂತಿತ್ತು. ಮಾವಿಸ್ ತಲೆಯೆತ್ತಿ ನೋಡಿದಳು, ಗುರುತು ಹತ್ತಲಿಲ್ಲ. "ಕೂತ್ಕೊಳ್ಳಿ," ಎಂದಳು.

"ಸರಿ ಮೇಡಂ. ಥ್ಯಾಂಕ್ಸ್."

ಅವಳು ಕಾಫಿ ಲೋಟ ಕೆಳಗಿಟ್ಟಳು. "ಲೋವೆಲ್?"

"ಹೌದು ಮೇಡಂ."

"ನೀವು ಬಡಕಲು ಅಲ್ವಾ?"

ಅವನು ತನ್ನನ್ನೇ ಒಮ್ಮೆ ಮೇಲಿಂದ ಕೆಳಗೆ ನೋಡಿಕೊಂಡ. "ಆ ಚಿಕ್ಕ ರೇಡಿಯೋಗಳಲ್ಲಿ, ಫೋನಲ್ಲೂ, ಸ್ಪೀಕರ್ ಒಂದು ಬಿಸ್ಕತ್ತಿನಷ್ಟು ಇರುತ್ತೆ ಮೇಡಂ. ದಪ್ಪ ದನಿ ಅದರಲ್ಲಿ ತೂರಲ್ಲ. ಎಲ್ಲರೂ ನನ್ನ ಸಣ್ಣ ಅಂದ್ಕೋತಾರೆ."

"ನಾನು ನಿಮಗೆ ಹೇಗೆ ಕೇಳಿಸ್ತಿದ್ದೆ?"

ಅವನು ಯೋಚಿಸಿದ. ಸುಳ್ಳು ಹೇಳಿ ರೂಢಿಯಿಲ್ಲದವನೆಂದು ಮುಖದಲ್ಲೇ ತಿಳಿಯುತ್ತಿತ್ತು. "ತೊಂಬತ್ತು ವರ್ಷದವರು, ಕೈಯಲ್ಲಿ ಊರುಗೋಲಿದೆ ಅಂದ್ಕೊಂಡಿದ್ದೆ. ಆ ಕೋಲಿನಿಂದ ಹೊಡೀಬಹುದು ಅಂತ ಭಯ ಇತ್ತು."

ಮಾವಿಸ್ ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ಆಮೇಲೆ ಅವನಿಗೆ ಸೇಬಿನ ಪೈ ಕೊಟ್ಟಳು. ಅವನ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಒಂದು ಮುದಿ ನಾಯಿ ಇತ್ತು. ಇಷ್ಟನ್ನು ಅವನ ಬಾಯಿಂದ ಹೊರಡಿಸುವಷ್ಟರಲ್ಲಿ ಸಂಜೆಯಾಯಿತು. ಎದುರುಬದುರು ಕೂತರೆ ಅವನಿಗೆ ಮಾತೇ ಬರುತ್ತಿರಲಿಲ್ಲ. ಮೂರು ಪದಕ್ಕಿಂತ ಉದ್ದವಾದದ್ದನ್ನು ಹೇಳಬೇಕಾದರೆ ಬೆವರುತ್ತಿದ್ದ. ಮಾವಿಸಳಿಗೆ ಅದು ಕೊರತೆ ಅನ್ನಿಸಲಿಲ್ಲ. ಇಬ್ಬರಿಗಾಗುವಷ್ಟು ಮಾತು ಅವಳ ಬಳಿಯೇ ಇತ್ತು.

ಚಳಿಗಾಲವಿಡೀ ಅವನು ರಜೆಯ ದಿನ ಗುಡ್ಡ ದಾಟಿ ಬಂದ. ಹಿಮ ಗೋರಿದ, ಅವಳ ಮೆಟ್ಟಿಲು ರಿಪೇರಿ ಮಾಡಿದ, ಕೇಳದೆಯೇ ನನ್ನ ಮೆಟ್ಟಿಲನ್ನೂ ರಿಪೇರಿ ಮಾಡಿದ. ಮಾರ್ಚಿನಲ್ಲಿ ಒಂದು ದಿನ ಪಾತ್ರೆ ಒರೆಸುತ್ತ, ಅವಳ ಕಡೆ ನೋಡದೆ, "ಮಾವಿಸ್, ಮದುವೆ ಆಗೋಣ್ವಾ?" ಎಂದನಂತೆ. "ಮೇಡಂ" ಬಿಟ್ಟು ಹೆಸರು ಹಿಡಿದದ್ದು ಅದೇ ಮೊದಲು. ಅವಳು ಕೈಯ ಸಾಬೂನು ನೊರೆಯನ್ನೂ ತೊಳೆಯದೆ ತಂತಿ ದಾಟಿ ನನ್ನ ಮನೆಗೆ ಓಡಿ ಬಂದಳು.

"ಏನಂದೆ ಅವನಿಗೆ?" ಎಂದೆ.

"ಇನ್ನೂ ಹೇಳಿಲ್ಲ ಕಣೇ. ನಿನಗೆ ಮೊದಲು ಹೇಳೋಣ ಅಂತ ಬಂದೆ."

"ಅಯ್ಯೋ ಪುಣ್ಯಾತ್ಗಿತ್ತಿ, ಆ ಮನುಷ್ಯ ಪಾತ್ರೆ ಹಿಡ್ಕೊಂಡು ನಿಂತಿರ್ತಾನೆ, ಹೋಗು."

ಹೋದಳು. ಮೇ ತಿಂಗಳಲ್ಲಿ ನಮ್ಮ ಮೆಥಡಿಸ್ಟ್ ಚರ್ಚಿನಲ್ಲಿ ಮದುವೆಯಾಯಿತು. ವೇಡ್ ಸಮವಸ್ತ್ರ ಇಸ್ತ್ರಿ ಮಾಡಿಸಿಕೊಂಡು ಬಂದು ಬಾಗಿಲಲ್ಲಿ ನಿಂತು ಎಲ್ಲರನ್ನೂ ಒಳಗೆ ಕೂರಿಸಿದ. ಎಲ್ಡನ್ ಸೆನೆಟರಿನ ಪರವಾಗಿ ಕ್ಷಮೆ ಕೇಳಿ ಒಂದು ಇಡೀ ಹ್ಯಾಮ್ ತಂದುಕೊಟ್ಟ. ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಮಾವಿಸ್ ತನ್ನ ಮದುವೆಯ ಊಟವನ್ನು ತಾನೇ ಬಡಿಸಲು ಹೊರಟಾಗ ನಾಲ್ಕು ಜನ ಹಿಡಿದು ಕೂರಿಸಬೇಕಾಯಿತು.

ಗೋಪುರ ಎದ್ದಿತು, ಹಳೆಯ ಚಾನೆಲ್ಲು ಈ ಸಲ ನಿಜವಾಗಿಯೂ ನಿಂತಿತು. ಲೋವೆಲ್ ಅದೇ ವರ್ಷ ನಿವೃತ್ತನಾದ. ಅವನ ಜಾಗಕ್ಕೆ ಬಂದ ಹೆಂಗಸಿನ ದನಿ ಹೊಸ ರೇಡಿಯೋದಲ್ಲಿ ಮನೆಯೊಳಗೇ ಚೆನ್ನಾಗಿ ಕೇಳುತ್ತದೆ. ಲೋವೆಲ್ ಅದನ್ನು ಕೇಳುವುದಿಲ್ಲ. ಜೀವನವಿಡೀ ಬೇರೆಯವರ ಕಷ್ಟ ಕೇಳಿದ್ದು ಸಾಕು ಎನ್ನುತ್ತಾನೆ. ಅವನೀಗ ಹಿತ್ತಲಿನಲ್ಲಿ ಟೊಮೆಟೊ ಬೆಳೆಯುತ್ತಾನೆ, ಮಾವಿಸ್ ಕಿಟಕಿಯಿಂದ ಮಾತಾಡುತ್ತಲೇ ಇರುತ್ತಾಳೆ, ಅವನು "ಹೂಂ" ಎನ್ನುತ್ತಾನೆ. ಭಾನುವಾರ ನನಗೆ ಅಲ್ಲೇ ಊಟ. ಕೋಳಿ, ನೂಡಲ್ಸು, ಕೆಳಗೆ ಹಿಸುಕಿದ ಆಲೂಗಡ್ಡೆ. ಹೋದ ವಾರ ಲೋವೆಲ್ ತಾನಾಗಿಯೇ ಒಂದು ಪೂರ್ತಿ ಕತೆ ಹೇಳಿದ, ತನ್ನ ನಾಯಿ ಚಿಕ್ಕದಿದ್ದಾಗ ಬೂಟು ಕದ್ದದ್ದು. ಮುಗಿಯುವವರೆಗೂ ನಾವಿಬ್ಬರೂ ಚಮಚ ಅಲ್ಲಾಡಿಸಲಿಲ್ಲ.